ವೆಬ್‌ಸೈಟಿಗೆ ಬಂದವರು ಯಾವ ದೇಶದವರು? ಯಾವ ದಾರಿ ಯಾರಿಗೆ ಸರಿ

ತುರುವೇಕೆರೆಯಲ್ಲಿರುವ ಅಮ್ಮನಿಗೆ ಐದು ಲೀಟರ್ ಗಾಣದ ಕೊಬ್ಬರಿ ಎಣ್ಣೆ ಕಳಿಸಬೇಕು ಅಂತ ಮಸ್ಕತ್‌ನಲ್ಲಿರುವ ಮಗನೊಬ್ಬ ನಾನು ಕಟ್ಟಿಕೊಟ್ಟ ಸೈಟಿಗೆ ಬಂದ. ಸೈಟು ತಿಪಟೂರಿನ ಒಂದು ಕುಟುಂಬದ್ದು. ಎಣ್ಣೆ, ಉಂಡೆ ಕೊಬ್ಬರಿ, ಕೊಬ್ಬರಿ ಮಿಠಾಯಿ ಮಾರುತ್ತಾರೆ. ಅವನ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಅವನ ಸಂಪರ್ಕಕ್ಕಿರುವ ನಂಬರು) ನೋಡಿ ನನ್ನ ಕೋಡು ‘ಒಮಾನ್’ ಅಂತ ಹೇಳಿತು. ಉತ್ತರ ಸರಿಯಾಗಿಯೇ ಇತ್ತು. ಆದರೆ ಅದೊಂದೇ ಉತ್ತರವನ್ನು ಹಿಡಿದುಕೊಂಡು ಸೈಟು ಬೆಲೆಯನ್ನು ಡಾಲರಿಗೆ ತಿರುಗಿಸಿತು, ವಿದೇಶಿ ಪಾರ್ಸೆಲ್ ದರ ಸೇರಿಸಿತು, ವಿಳಾಸದ ಪುಟದಲ್ಲಿ ಭಾರತವನ್ನು ಆರಿಸಿಕೊಳ್ಳಲು ಬಿಡಲೇ ಇಲ್ಲ. ಅವನು ಅಂಗಡಿಗೆ ಫೋನ್ ಮಾಡಿ, ‘ತಿಪಟೂರಿಂದ ಪಕ್ಕದ ತಾಲ್ಲೂಕಿಗೆ ಕಳಿಸೋಕೆ ಇಷ್ಟು ದುಡ್ಡಾ?’ ಅಂತ ಕೇಳಿದ. ತಪ್ಪು ಪೂರ್ತಿ ನನ್ನದು.

ಅಂದಿನಿಂದ ಈ ವಿಷಯವನ್ನು ಸ್ವಲ್ಪ ಆಳವಾಗಿಯೇ ನೋಡಿದ್ದೇನೆ. ತುಮಕೂರಿನಲ್ಲಿ ಕೂತು ಅಂಗಡಿ, ಶಾಲೆ, ಮಠ, ಸಣ್ಣ ಕಾರ್ಖಾನೆಗಳಿಗೆ ಸೈಟು ಮಾಡಿಕೊಡುವ ನನ್ನಂಥವರಿಗೆ, ಯಾವ ದಾರಿ ಹಿಡಿದರೆ ಏನು ಸಿಗುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು: ಯಾವ ದೇಶ?

‘ಬಂದವರ ದೇಶ’ ಅಂದಾಗ ನಾವು ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿ ಕೇಳುತ್ತಿರುತ್ತೇವೆ. ಅವರು ಈಗ ಕೂತಿರುವುದು ಎಲ್ಲಿ? ಸಾಮಾನು ಹೋಗಬೇಕಾದದ್ದು ಎಲ್ಲಿಗೆ? ದುಡ್ಡು ಬರುವುದು ಯಾವ ದೇಶದ ಬ್ಯಾಂಕಿನಿಂದ? ಮಸ್ಕತ್‌ನ ಮಗನ ವಿಷಯದಲ್ಲಿ ಉತ್ತರ ಒಮಾನ್, ಭಾರತ, ಭಾರತ. ಕಾರ್ಡು ಅವನ ಇಲ್ಲಿನ ಖಾತೆಯದು. ನಾನು ಮೊದಲನೆಯದನ್ನು ಮಾತ್ರ ತಿಳಿದುಕೊಂಡು ಉಳಿದೆರಡನ್ನೂ ಅದರಿಂದಲೇ ನಿರ್ಧರಿಸಿದ್ದೆ.

ಭಾಷೆಯನ್ನು ಇದರ ಜೊತೆ ಕಟ್ಟಬೇಡಿ. ನ್ಯೂಜೆರ್ಸಿಯಿಂದ ಬಂದವರಿಗೆ ಕನ್ನಡ ಪುಟ ಬೇಕಾಗಿರಬಹುದು, ಶಿರಾದಿಂದ ಬಂದವರು ಉರ್ದು ಅಥವಾ ಇಂಗ್ಲಿಷ್ ಓದುವವರಿರಬಹುದು. ದೇಶ ನೋಡಿ ಭಾಷೆ ಬದಲಿಸುವ ಸೈಟುಗಳಿಂದ ಕನ್ನಡಕ್ಕೆ ಆಗಿರುವ ನಷ್ಟ ಸಣ್ಣದಲ್ಲ. ನಮ್ಮ ಜನ ಹೊರದೇಶಕ್ಕೆ ಹೋದ ತಕ್ಷಣ ಅವರ ಮುಂದಿನಿಂದ ಕನ್ನಡವೇ ಮಾಯವಾಗುತ್ತದೆ.

ಐಪಿ ವಿಳಾಸ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪಿನ್ ಕೋಡು 572ರಿಂದ ಶುರುವಾದರೆ ತುಮಕೂರು ಜಿಲ್ಲೆಯ ಕಡೆಯದು ಅಂತ ಅಂಚೆಯವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಫೋನ್ ನಂಬರಿಗೆ 91 ಇದೆ. ಐಪಿ ವಿಳಾಸದಲ್ಲಿ ಅಂಥ ಗುರುತು ಏನೂ ಇಲ್ಲ. ಐಎಎನ್‌ಎ ಎಂಬ ವ್ಯವಸ್ಥೆ ವಿಳಾಸಗಳ ದೊಡ್ಡ ಗಂಟುಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚಿದೆ. ನಮ್ಮ ಭಾಗದ್ದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿಎನ್‌ಐಸಿ. ಅದರಡಿ ಭಾರತಕ್ಕೆ ಐಆರ್‌ಐಎನ್‌ಎನ್ ಎಂಬ ನೋಂದಣಿ ಇದೆ, ಅದನ್ನು ನಿಕ್ಸಿ ಎಂಬ ಸಂಸ್ಥೆ ನಡೆಸುತ್ತದೆ. ಅಲ್ಲಿಂದ ಟೆಲಿಕಾಂ ಕಂಪನಿಗೆ, ಕಂಪನಿಯಿಂದ ನಿಮ್ಮ ಫೋನಿಗೆ. ಈ ಗಂಟು ಇಂಥ ದೇಶದ ಸಂಸ್ಥೆಯ ಹೆಸರಿನಲ್ಲಿದೆ ಅನ್ನುವುದಷ್ಟೇ ನೋಂದಣಿಯಲ್ಲಿರುವುದು. ವಿಳಾಸ ನಿಜಕ್ಕೂ ಎಲ್ಲಿ ಬಳಕೆಯಾಗುತ್ತಿದೆ ಅನ್ನುವುದು ಬೇರೆ ಮಾತು.

ಹಳೆಯ ಬಗೆಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಹಂಚಲು ಐಎಎನ್‌ಎ ಬಳಿ ಉಳಿದಿದ್ದ ದಾಸ್ತಾನು 2011ರ ಫೆಬ್ರವರಿ 3ಕ್ಕೆ ಖಾಲಿಯಾಯಿತು. ಆಮೇಲೆ ಶುರುವಾದದ್ದು ವಿಳಾಸಗಳ ಮಾರಾಟ, ಬಾಡಿಗೆ. ಒಂದು ದೇಶದಲ್ಲಿದ್ದ ಗಂಟನ್ನು ಇನ್ನೊಂದು ದೇಶದ ಕಂಪನಿ ಕೊಳ್ಳುತ್ತದೆ, ಯಾವ ವಿಳಾಸ ಯಾವ ದೇಶದ್ದು ಅನ್ನುವ ಪಟ್ಟಿಗಳಲ್ಲಿ ಹಳೆಯ ದೇಶದ ಹೆಸರೇ ಕೆಲವು ವಾರ ಉಳಿದುಬಿಡುತ್ತದೆ. ಆದ್ದರಿಂದ ನೋಂದಣಿ ಸಂಸ್ಥೆಗಳು ಉಚಿತವಾಗಿ ಕೊಡುವ ಪಟ್ಟಿಯನ್ನೇ ನೇರವಾಗಿ ಬಳಸುತ್ತೇನೆ ಅನ್ನುವವರಿಗೆ ನನ್ನ ಸಲಹೆ ಬೇಡ ಅಂತಲೇ. ಅದು ಮಾಲೀಕರ ಪಟ್ಟಿ, ವಾಸದ ಪಟ್ಟಿ ಅಲ್ಲ. ಜಾಲ ನಡೆಸುವವರೇ ತಮ್ಮ ವಿಳಾಸಗಳು ಎಲ್ಲಿ ಬಳಕೆಯಲ್ಲಿವೆ ಅಂತ ಪ್ರಕಟಿಸಲು ‘ಜಿಯೋಫೀಡ್’ ಎಂಬ ಮಾದರಿ 2020ರಲ್ಲಿ ಬಂದಿದೆ. ದತ್ತಾಂಶ ಮಾರುವ ಕಂಪನಿಗಳು ಇದನ್ನೂ ತಮ್ಮದೇ ಅಳತೆಗಳನ್ನೂ ಸೇರಿಸಿ ಪಟ್ಟಿ ತಿದ್ದುತ್ತವೆ.

ದೇಶದ ಮಟ್ಟಕ್ಕೆ ಈ ಪಟ್ಟಿಗಳನ್ನು ನಂಬಬಹುದು. ಊರಿನ ಮಟ್ಟಕ್ಕೆ ಮಾತ್ರ ದಯವಿಟ್ಟು ನಂಬಬೇಡಿ. ಬಿ.ಎಚ್. ರಸ್ತೆಯ ನಮ್ಮ ಆಫೀಸಿನಲ್ಲಿ ಕೂತು ನನ್ನ ಫೋನಿನ ಡೇಟಾದಲ್ಲೇ ಒಂದು ಸಲ ನೋಡಿದೆ. ದೇಶ ಭಾರತ, ಊರು ಬೆಂಗಳೂರು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ತೆಗೆದು ಮತ್ತೆ ನೋಡಿದರೆ ದೇಶ ಭಾರತ, ಊರು ಚೆನ್ನೈ. ನಾನು ಕುರ್ಚಿಯಿಂದ ಎದ್ದೇ ಇರಲಿಲ್ಲ. ಮೊಬೈಲ್ ಕಂಪನಿಗಳು ಸಾವಿರಾರು ಜನರನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸುತ್ತವೆ, ಆ ಬಾಗಿಲು ಯಾವ ನಗರದಲ್ಲಿದೆಯೋ ಆ ಊರು ಕಾಣುತ್ತದೆ. ಇದು ಬರೀ ಕುತೂಹಲದ ಸಂಗತಿಯಲ್ಲ. ಜಿಎಸ್‌ಟಿಯಲ್ಲಿ ರಾಜ್ಯದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ, ಹೊರರಾಜ್ಯಕ್ಕೆ ಐಜಿಎಸ್‌ಟಿ. ಐಪಿ ನೋಡಿ ರಾಜ್ಯ ನಿರ್ಧರಿಸಿದರೆ ಪಾವಗಡದ ಗಿರಾಕಿಯ ಬಿಲ್ಲು ತಮಿಳುನಾಡಿನ ಲೆಕ್ಕಕ್ಕೆ ಹೋಗುತ್ತದೆ.

ಊರಿನ ಮಟ್ಟದ ನಂಬಿಕೆ ಎಷ್ಟು ಕೆಟ್ಟದ್ದು ಮಾಡಬಲ್ಲದು ಅನ್ನುವುದಕ್ಕೆ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಹೊಲದ ಮನೆಯ ಕಥೆ 2016ರಲ್ಲಿ ಬೆಳಕಿಗೆ ಬಂತು. ‘ಅಮೆರಿಕ ಅನ್ನುವುದು ಗೊತ್ತು, ಅಮೆರಿಕದಲ್ಲಿ ಎಲ್ಲಿ ಅಂತ ಗೊತ್ತಿಲ್ಲ’ ಅನ್ನುವ ವಿಳಾಸಗಳಿಗೆಲ್ಲ ಇಂಥ ಪಟ್ಟಿ ಮಾಡುವ ಮ್ಯಾಕ್ಸ್‌ಮೈಂಡ್ ಕಂಪನಿ ದೇಶದ ನಡುವಿನ ಒಂದು ಬಿಂದುವನ್ನು ಕೊಟ್ಟಿತ್ತು. ಆ ಬಿಂದು ಬಿದ್ದದ್ದು ಆ ಮನೆಯ ಅಂಗಳದಲ್ಲಿ. 60 ಕೋಟಿಗೂ ಹೆಚ್ಚು ವಿಳಾಸಗಳು ಅಲ್ಲಿಗೆ ಬೆರಳು ತೋರಿಸುತ್ತಿದ್ದವು. ಮೋಸ ಹೋದವರು, ಪೊಲೀಸರು, ತೆರಿಗೆಯವರು ವರ್ಷಗಟ್ಟಲೆ ಆ ಮನೆಯ ಬಾಗಿಲು ತಟ್ಟಿದರು. ಕಂಪನಿ ಆಮೇಲೆ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿತು.

ಐಪಿ ದಾರಿಯಲ್ಲೇ ಮೂರು ಕವಲು

ಒಂದು, ಪಟ್ಟಿಯ ಫೈಲನ್ನು ನಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳುವುದು. ಮ್ಯಾಕ್ಸ್‌ಮೈಂಡ್‌ನ ಉಚಿತ ಜಿಯೋಲೈಟ್2 ಹೆಚ್ಚಿನವರು ಬಳಸುವಂಥದ್ದು. ಡಿಬಿ-ಐಪಿ, ಐಪಿ2ಲೊಕೇಶನ್ ಕೂಡ ಉಚಿತ ಆವೃತ್ತಿ ಕೊಡುತ್ತವೆ. ದೇಶದ ಫೈಲು ಚಿಕ್ಕದು, ಮೊಬೈಲಿನಲ್ಲಿ ತೆಗೆದ ಎರಡು ಮೂರು ಫೋಟೊಗಳಷ್ಟು ಜಾಗ. ಹುಡುಕಾಟ ಸರ್ವರಿನೊಳಗೇ ಮುಗಿಯುವುದರಿಂದ ಬಂದವರ ವಿಳಾಸ ಮೂರನೆಯವರಿಗೆ ಹೋಗುವುದಿಲ್ಲ, ತಡವೂ ಆಗುವುದಿಲ್ಲ. ಬೆಲೆ ನಾವು ಕೊಡುವುದು ನಿರ್ವಹಣೆಯಲ್ಲಿ. 2019ರ ಡಿಸೆಂಬರ್ 30ರಿಂದ ಜಿಯೋಲೈಟ್2 ಇಳಿಸಿಕೊಳ್ಳಲು ಖಾತೆ ಮತ್ತು ಪರವಾನಗಿ ಕೀಲಿ ಬೇಕು. ಫೈಲು ವಾರಕ್ಕೆ ಎರಡು ಸಲ ಹೊಸದಾಗುತ್ತದೆ, ಹೊಸದು ಬಂದ ಮೇಲೆ ಹಳೆಯದನ್ನು 30 ದಿನಕ್ಕಿಂತ ಹೆಚ್ಚು ಬಳಸುವಂತಿಲ್ಲ ಅನ್ನುವುದು ಒಪ್ಪಂದದಲ್ಲೇ ಇದೆ. ತಾನಾಗಿ ಇಳಿಸಿಕೊಳ್ಳುವ ವ್ಯವಸ್ಥೆ ಮಾಡದೆ ಬಿಟ್ಟ ಸೈಟುಗಳಲ್ಲಿ ಎರಡು ಮೂರು ವರ್ಷದ ಹಳೆಯ ಪಟ್ಟಿ ಕೆಲಸ ಮಾಡುತ್ತಿರುವುದನ್ನು ನಾನೇ ಕಂಡಿದ್ದೇನೆ. ಇದೇ ಫೈಲಿನಲ್ಲಿ ಎರಡು ದೇಶದ ಅಂಕಣ ಇರುತ್ತವೆ, ಒಂದು ಬಳಕೆಯ ದೇಶ, ಇನ್ನೊಂದು ನೋಂದಣಿಯ ದೇಶ. ಬೇಕಾದದ್ದು ಮೊದಲನೆಯದು.

ಎರಡು, ಸೈಟಿನ ಮುಂದೆ ನಿಂತಿರುವ ಸಿಡಿಎನ್ (ನಮ್ಮ ಸರ್ವರಿಗೂ ಬಂದವರಿಗೂ ನಡುವೆ ಇದ್ದು ಪುಟಗಳನ್ನು ಬೇಗ ತಲುಪಿಸುವ ಜಾಲ) ಹೇಳಿದ್ದನ್ನು ಓದಿಕೊಳ್ಳುವುದು. ಕ್ಲೌಡ್‌ಫ್ಲೇರ್ ಬಳಸುವವರಾದರೆ ಒಂದು ಸೆಟ್ಟಿಂಗ್ ಆನ್ ಮಾಡಿದರೆ ಸಾಕು, ಪ್ರತಿ ಕೋರಿಕೆಯ ಜೊತೆ ‘ಸಿಎಫ್-ಐಪಿಕಂಟ್ರಿ’ ಎಂಬ ಹೆಡರ್‌ನಲ್ಲಿ (ಕೋರಿಕೆಗೆ ಅಂಟಿಸಿದ ಚೀಟಿ ಅನ್ನಿ) ಎರಡಕ್ಷರದ ದೇಶದ ಸಂಕೇತ ಬರುತ್ತದೆ. ಭಾರತಕ್ಕೆ ಐಎನ್, ಒಮಾನ್‌ಗೆ ಒಎಂ. ಬ್ರಿಟನ್ನಿಗೆ ಯುಕೆ ಅಲ್ಲ, ಜಿಬಿ. ಇಲ್ಲಿ ಬಹಳ ಜನ ಎಡವುತ್ತಾರೆ. ಗೊತ್ತಾಗದಿದ್ದರೆ ಎಕ್ಸ್‌ಎಕ್ಸ್, ಗುರುತು ಮರೆಮಾಚುವ ಟಾರ್ ಜಾಲದಿಂದ ಬಂದರೆ ಟಿ1. ಇವೆರಡಕ್ಕೂ ಕೋಡಿನಲ್ಲಿ ಜಾಗ ಇರಲಿ. ಅಮೆಜಾನ್‌ನ ಕ್ಲೌಡ್‌ಫ್ರಂಟ್ ಕೂಡ ಇಂಥದ್ದೇ ಹೆಡರ್ ಕಳಿಸಬಲ್ಲದು. ದುಡ್ಡಿಲ್ಲ, ನಿರ್ವಹಣೆಯಿಲ್ಲ. ಸಣ್ಣ ಅಂಗಡಿಗೆ ನನ್ನ ಮೊದಲ ಆಯ್ಕೆ ಇದೇ.

ಮೂರನೆಯದು ಹೊರಗಿನ ಎಪಿಐ. ಪ್ರತಿ ಸಲವೂ ಬೇರೆ ಕಂಪನಿಯ ಸರ್ವರನ್ನು ಕೇಳಿ ಉತ್ತರಕ್ಕೆ ಕಾಯಬೇಕು. ಉಚಿತ ಯೋಜನೆಗಳಿಗೆ ಮಿತಿ ಇರುತ್ತದೆ, ಹಲವು ಯೋಜನೆಗಳನ್ನು ವ್ಯಾಪಾರಕ್ಕೆ ಬಳಸುವಂತೆಯೇ ಇಲ್ಲ. ಯುಗಾದಿ, ದೀಪಾವಳಿಯ ಜನಜಂಗುಳಿಯ ದಿನವೇ ಮಿತಿ ಮುಗಿಯುತ್ತದೆ. ಬರೀ ದೇಶಕ್ಕಾಗಿ ಇದು ಬೇಡ. ಈ ವಿಳಾಸ ವಿಪಿಎನ್‌ನದೋ (ಬೇರೆ ಕಡೆಯ ಸರ್ವರಿನ ಮೂಲಕ ಹೋಗಿ ತನ್ನ ಐಪಿ ಮುಚ್ಚುವ ಸೇವೆ), ಡೇಟಾ ಸೆಂಟರಿನದೋ ಅಂತ ತಿಳಿಯಲೇಬೇಕಾದವರಿಗೆ, ಅಂದರೆ ಕಳ್ಳ ಕಾರ್ಡಿನ ಕಾಟ ಇರುವವರಿಗೆ, ದುಡ್ಡು ಕೊಟ್ಟು ಕೊಂಡರೆ ಕೆಲಸಕ್ಕೆ ಬರುತ್ತದೆ.

ಐಪಿ ಸುಳ್ಳು ಹೇಳುವ ಸಂದರ್ಭಗಳು

ವಿಪಿಎನ್ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಒಂದು ತಿರುವು ಹೇಳುತ್ತೇನೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಬಳಕೆದಾರರ ವಿವರ ಇಟ್ಟುಕೊಳ್ಳಬೇಕು ಅಂತ ವಿಪಿಎನ್ ಕಂಪನಿಗಳಿಗೆ ನಿರ್ದೇಶನ ಕೊಟ್ಟ ಮೇಲೆ ಕೆಲವು ದೊಡ್ಡ ಕಂಪನಿಗಳು ತಮ್ಮ ಸರ್ವರುಗಳನ್ನು ಭಾರತದಿಂದ ತೆಗೆದವು. ಸಿಂಗಪುರ, ಬ್ರಿಟನ್ನಿನಲ್ಲಿ ಯಂತ್ರ ಇಟ್ಟು ‘ಭಾರತದ’ ಐಪಿ ಕೊಡತೊಡಗಿದವು. ಹಾಗಾಗಿ ಭಾರತ ಅಂತ ಕಾಣುವ ವಿಳಾಸದ ಯಂತ್ರವೂ ಭಾರತದಲ್ಲಿಲ್ಲ, ಮನುಷ್ಯನೂ ಇಲ್ಲದಿರಬಹುದು.

ಇದಕ್ಕಿಂತ ನಮ್ಮ ಸೈಟುಗಳಿಗೆ ಹೆಚ್ಚು ಮುಖ್ಯವಾದದ್ದು ರೋಮಿಂಗ್. ಊರಿನ ಸಿಮ್ಮನ್ನೇ ಹಾಕಿಕೊಂಡು ದುಬೈಗೆ ಹೋದವರು ರೋಮಿಂಗ್ ಡೇಟಾ ಬಳಸಿದರೆ ಸಾಮಾನ್ಯವಾಗಿ ಆ ಡೇಟಾ ಭಾರತದ ಕಂಪನಿಯ ಜಾಲಕ್ಕೆ ಬಂದು ಇಲ್ಲಿಂದಲೇ ಹೊರಗೆ ಹೋಗುತ್ತದೆ. ಮನುಷ್ಯ ದುಬೈಯಲ್ಲಿ, ಐಪಿ ಭಾರತದಲ್ಲಿ. ಅದೇ ವ್ಯಕ್ತಿ ಹೋಟೆಲಿನ ವೈಫೈಗೆ ಸೇರಿದ ಕೂಡಲೇ ದೇಶ ಬದಲಾಗುತ್ತದೆ. ಬುಟ್ಟಿಗೆ ರೂಪಾಯಿಯಲ್ಲಿ ಹಾಕಿದ್ದು ಹಣ ಕಟ್ಟುವಾಗ ದಿರ್ಹಮ್ ಆಗಿಬಿಟ್ಟರೆ ಯಾರು ತಾನೇ ನಂಬುತ್ತಾರೆ? ಆದ್ದರಿಂದ ಮೊದಲ ಸಲ ಊಹಿಸಿದ ದೇಶವನ್ನು ಕುಕಿಯಲ್ಲಿ (ಬ್ರೌಸರಿನಲ್ಲಿ ಸೈಟು ಇಟ್ಟುಕೊಳ್ಳುವ ಸಣ್ಣ ಟಿಪ್ಪಣಿ) ಉಳಿಸಿ, ಬುಟ್ಟಿ ಖಾಲಿಯಾಗುವವರೆಗೆ ತಾನಾಗಿ ಬದಲಿಸಬಾರದು.

ಆಪಲ್ ಫೋನಿನ ಪ್ರೈವೇಟ್ ರಿಲೇ ಬಗ್ಗೆ ಭಯ ಬೇಡ. ಅದು ವಿಳಾಸ ಮುಚ್ಚಿಟ್ಟರೂ ದೇಶವನ್ನು ಉಳಿಸಿಕೊಳ್ಳುತ್ತದೆ.

ಬ್ರೌಸರ್ ಕೊಡುವ ಸುಳಿವುಗಳು

ಬ್ರೌಸರ್ ಪ್ರತಿ ಸಲವೂ ತನಗೆ ಬೇಕಾದ ಭಾಷೆಗಳ ಪಟ್ಟಿ ಕಳಿಸುತ್ತದೆ. ಅದರಲ್ಲಿ ‘ಇಎನ್-ಯುಎಸ್’ (ಅಮೆರಿಕದ ಇಂಗ್ಲಿಷ್) ಇದ್ದರೆ ಅಮೆರಿಕದವರು ಅಂತ ತಿಳಿಯುವ ಕೋಡು ಇನ್ನೂ ಓಡಾಡುತ್ತಿದೆ. ನಮ್ಮ ಜಿಲ್ಲೆಯ ಅರ್ಧ ಫೋನುಗಳನ್ನು ತೆಗೆದು ನೋಡಿ, ಅಂಗಡಿಯಿಂದ ಬಂದಾಗಿನ ಸೆಟ್ಟಿಂಗಿನಲ್ಲೇ ಇರುತ್ತವೆ. ಭಾಷೆಯ ಪಟ್ಟಿಯನ್ನು ಭಾಷೆಗೆ ಬಳಸಿ. ಅದರಲ್ಲಿ ಕನ್ನಡ ಕಂಡರೆ ಯಾವ ದೇಶವಾದರೂ ಕನ್ನಡ ಪುಟವನ್ನೇ ಮುಂದಿಡಿ.

ಸಮಯ ವಲಯ ಇದಕ್ಕಿಂತ ಒಳ್ಳೆಯ ಸುಳಿವು. ಗಡಿಯಾರದ ವ್ಯತ್ಯಾಸವನ್ನು ಮಾತ್ರ ನೋಡಿದರೆ ಐದೂವರೆ ಗಂಟೆ ಅಂದ ಕೂಡಲೇ ಭಾರತ ಅನ್ನುವಂತಿಲ್ಲ. ಶ್ರೀಲಂಕಾ 2006ರಿಂದ ಅದೇ ಸಮಯದಲ್ಲಿದೆ. ವಲಯದ ಹೆಸರನ್ನೇ ಕೇಳಬೇಕು. ಅಲ್ಲೂ ಒಂದು ಮುಳ್ಳು: ಕೆಲವು ಬ್ರೌಸರ್ ‘ಏಷ್ಯಾ/ಕೋಲ್ಕತಾ’ ಅನ್ನುತ್ತವೆ, ಕ್ರೋಮ್‌ನಲ್ಲಿ ಹಳೆಯ ‘ಏಷ್ಯಾ/ಕ್ಯಾಲ್ಕಟ್ಟಾ’ ಬರುತ್ತದೆ. ಒಂದನ್ನೇ ಬರೆದಿಟ್ಟರೆ ಬಂದವರಲ್ಲಿ ದೊಡ್ಡ ಪಾಲು ಕೈಬಿಟ್ಟುಹೋಗುತ್ತದೆ. ನಾನು ಇದನ್ನು ಐಪಿಯ ಜೊತೆ ಸಾಕ್ಷಿಯಾಗಿ ಮಾತ್ರ ಬಳಸುತ್ತೇನೆ. ಎರಡೂ ಒಂದೇ ದೇಶ ಹೇಳಿದರೆ ಸುಮ್ಮನೆ ಮುಂದಕ್ಕೆ. ಬೇರೆ ಬೇರೆ ಹೇಳಿದರೆ ಪುಟದ ಮೇಲೆ ಒಂದು ಸಾಲು: ‘ಎಲ್ಲಿಗೆ ಕಳಿಸಬೇಕು?’

ಜಿಪಿಎಸ್ ಮೂಲಕ ಸ್ಥಳ ಕೇಳುವುದು ನಿಖರ ಅನ್ನುವುದು ನಿಜ. ಆದರೆ ಎಣ್ಣೆ ಕೊಳ್ಳಲು ಬಂದವರಿಗೆ ‘ನಿಮ್ಮ ಸ್ಥಳ ತಿಳಿಯಲು ಅನುಮತಿ ಕೊಡಿ’ ಅಂದರೆ ಅರ್ಧ ಜನ ಅಲ್ಲಿಂದಲೇ ವಾಪಸ್. ದೇಶ ತಿಳಿಯಲು ಮನೆಯ ಬಾಗಿಲವರೆಗಿನ ಲೆಕ್ಕ ಬೇಕಿಲ್ಲ.

ಬಾಯಿ ಬಿಟ್ಟು ಕೇಳುವುದು

ಕೊನೆಗೆ ಹಣ, ತೆರಿಗೆ, ಪಾರ್ಸೆಲ್ ವಿಷಯ ಬಂದಾಗ ಊಹೆ ಬಿಟ್ಟು ಕೇಳಲೇಬೇಕು. ಕಾನೂನು ಕೂಡ ಐಪಿಯನ್ನು ಒಂಟಿಯಾಗಿ ನಂಬುವುದಿಲ್ಲ. 2017ರ ಐಜಿಎಸ್‌ಟಿ ಕಾಯ್ದೆಯ 13ನೇ ಸೆಕ್ಷನ್, ಹೊರದೇಶದಿಂದ ಆನ್‌ಲೈನ್ ಸೇವೆ ಪಡೆದವರು ಭಾರತದಲ್ಲಿದ್ದಾರೋ ಇಲ್ಲವೋ ಅಂತ ತೀರ್ಮಾನಿಸಲು ಏಳು ಗುರುತು ಹೇಳುತ್ತದೆ: ಕೊಟ್ಟ ವಿಳಾಸ, ಕಾರ್ಡು ವಿತರಣೆಯಾದ ದೇಶ, ಬಿಲ್ಲಿನ ವಿಳಾಸ, ಸಾಧನದ ಐಪಿ, ಬ್ಯಾಂಕು, ಸಿಮ್‌ನ ದೇಶದ ಸಂಕೇತ, ಸ್ಥಿರ ದೂರವಾಣಿಯ ಜಾಗ. ಇವುಗಳಲ್ಲಿ ಒಂದಕ್ಕೊಂದು ವಿರುದ್ಧವಲ್ಲದ ಎರಡಾದರೂ ಹೊಂದಬೇಕು. ಐರೋಪ್ಯ ಒಕ್ಕೂಟದ ವ್ಯಾಟ್ ನಿಯಮದಲ್ಲೂ 2015ರಿಂದ ಹೆಚ್ಚುಕಡಿಮೆ ಇದೇ ಎರಡು ಸಾಕ್ಷಿಯ ಪದ್ಧತಿ ಇದೆ. ಸಾಫ್ಟ್‌ವೇರ್, ಆನ್‌ಲೈನ್ ಪಾಠ ಮಾರುವವರಿಗೆ ಈ ಎರಡು ಸಾಕ್ಷಿಯ ಲೆಕ್ಕ ಬಹಳ ಉಪಯೋಗದ್ದು. ಐಪಿಯ ದೇಶವನ್ನೂ ಬಿಲ್ಲಿನ ದೇಶವನ್ನೂ ಆರ್ಡರಿನ ಜೊತೆಗೇ ಉಳಿಸಿಡಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಸಾಮಾನು ಮಾರುವವರಿಗೆ ತಲುಪಬೇಕಾದ ವಿಳಾಸವೇ ಕೊನೆಯ ಮಾತು. ದೇಶಗಳ ನಿಯಮವೂ ಬದಲಾಗುತ್ತಿರುತ್ತದೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕದ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿದಾಗ ತಿಪಟೂರಿನ ಆ ಅಂಗಡಿಗೂ ಬಿಸಿ ತಟ್ಟಿತು. ಸುಂಕದ ಎಚ್ಚರಿಕೆಯನ್ನು ಅಮೆರಿಕದ ಐಪಿಯವರಿಗೆಲ್ಲ ತೋರಿಸಬೇಕೋ, ಅಮೆರಿಕಕ್ಕೆ ತರಿಸಿಕೊಳ್ಳುವವರಿಗೆ ತೋರಿಸಬೇಕೋ? ಎರಡನೆಯವರಿಗೆ. ಅಲ್ಲಿ ಕೂತು ಊರಿನ ಅಪ್ಪ ಅಮ್ಮನಿಗೆ ಕಳಿಸುವವರೇ ನಮ್ಮಲ್ಲಿ ಹೆಚ್ಚು.

ಕ್ಯಾಶ್ ಎಂಬ ಗುಂಡಿ

ದಾರಿ ಸರಿಯಾಗಿ ಆರಿಸಿಕೊಂಡವರೂ ಬೀಳುವುದು ಇಲ್ಲಿ. ಸೈಟು ಬೇಗ ತೆರೆಯಲಿ ಅಂತ ಸಿದ್ಧಪಡಿಸಿದ ಪುಟವನ್ನು ಕ್ಯಾಶ್‌ನಲ್ಲಿ (ದುಡ್ಡಲ್ಲ, ಪುಟದ ನಕಲು ಉಳಿಸಿಡುವ ಜಾಗ) ಇಡುತ್ತೇವೆ. ಬೆಳಗಿನ ಜಾವ ಅಮೆರಿಕದಿಂದ ಯಾರೋ ತೆರೆದ ಪುಟ ಹಾಗೇ ಉಳಿದು, ಗುಬ್ಬಿಯ ಗೃಹಿಣಿಯೊಬ್ಬರಿಗೆ ಒಂದು ಲೀಟರ್ ಎಣ್ಣೆಯ ಬೆಲೆ ಡಾಲರಿನಲ್ಲಿ ಕಂಡಿತ್ತು. ಅವರು ಪರದೆಯ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದ್ದರಿಂದ ನನಗೆ ತಿಳಿಯಿತು. ಆನ್‌ಲೈನ್ ಅಂಗಡಿ ಕಟ್ಟುವ ವೂಕಾಮರ್ಸ್ ತಂತ್ರಾಂಶ ಬಳಸುವವರು ಗಿರಾಕಿಯ ಸ್ಥಳದ ಸೆಟ್ಟಿಂಗಿನಲ್ಲಿ ಬರೀ ‘ಜಿಯೋಲೊಕೇಟ್’ ಅಲ್ಲ, ಪುಟದ ಕ್ಯಾಶ್‌ಗೆ ಹೊಂದುವ ಇನ್ನೊಂದು ಆಯ್ಕೆ ಹಾಕಬೇಕು. ಸ್ವಂತ ಕೋಡಾದರೆ ಪುಟವನ್ನು ಎಲ್ಲರಿಗೂ ಒಂದೇ ಇಟ್ಟು, ಬೆಲೆಯ ಭಾಗವನ್ನು ಮಾತ್ರ ಆಮೇಲೆ ತರಿಸಿ ತುಂಬುವುದು ಸಲೀಸು.

ಇನ್ನೊಂದು: ಸಿಡಿಎನ್ ಹಿಂದೆ ಇರುವ ಸರ್ವರಿಗೆ ಕಾಣುವುದು ಸಿಡಿಎನ್‌ನ ಐಪಿ, ಬಂದವರದ್ದಲ್ಲ. ನಿಮ್ಮ ಲೆಕ್ಕದಲ್ಲಿ ಎಲ್ಲರೂ ಒಂದೇ ಹೊರದೇಶದವರು ಅಂತ ಕಂಡರೆ ಮೊದಲು ಇದನ್ನು ನೋಡಿ. ನಿಜವಾದ ವಿಳಾಸ ಬೇರೆ ಹೆಡರ್‌ನಲ್ಲಿರುತ್ತದೆ, ಆದರೆ ಆ ಹೆಡರನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಕೋರಿಕೆ ಸಿಡಿಎನ್‌ನ ವಿಳಾಸದಿಂದಲೇ ಬಂದಿದ್ದರೆ ಮಾತ್ರ ನಂಬಿ.

ದೇಶ ನೋಡಿ ಬಲವಂತವಾಗಿ ಬೇರೆ ಪುಟಕ್ಕೆ ತಳ್ಳಬೇಡಿ. ಪುಟಗಳನ್ನು ತಾನಾಗಿ ಓದಿಕೊಂಡು ಹೋಗುವ ಗೂಗಲ್‌ನ ಹುಡುಕಾಟದ ಬಾಟ್ ಬಹುಪಾಲು ಅಮೆರಿಕದ ವಿಳಾಸಗಳಿಂದಲೇ ಬರುತ್ತದೆ, ಅದನ್ನು ಡಾಲರ್ ಪುಟಕ್ಕೆ ತಳ್ಳಿದರೆ ನಿಮ್ಮ ಕನ್ನಡ ಪುಟ ಅದರ ಕಣ್ಣಿಗೇ ಬೀಳುವುದಿಲ್ಲ.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು

ಶಾಲೆ, ಮಠ, ಸಂಘಗಳ ಸೈಟಿಗೆ ದೇಶ ಬೇಕಾಗಿಯೇ ಇಲ್ಲ. ದೇಣಿಗೆ ಪುಟವಿದ್ದರೆ ಅಲ್ಲಿ ‘ಭಾರತದ ಖಾತೆಯಿಂದ’, ‘ಹೊರದೇಶದಿಂದ’ ಅಂತ ಎರಡು ಗುಂಡಿ ಇಡಿ. ವಿದೇಶಿ ದೇಣಿಗೆಗೆ ಬೇರೆ ಕಾನೂನಿದೆ, ಅದನ್ನು ಐಪಿಯ ಊಹೆಗೆ ಬಿಡುವಂತಿಲ್ಲ. ಎಷ್ಟು ಜನ ಯಾವ ದೇಶದಿಂದ ಓದುತ್ತಾರೆ ಅಂತ ಲೆಕ್ಕ ಬೇಕಾದ ಪತ್ರಿಕೆಗೆ ಸಿಡಿಎನ್ ಹೆಡರ್ ಸಾಕು. ದೇಶ ಬರೆದುಕೊಂಡ ಮೇಲೆ ಐಪಿಯನ್ನು ಅಳಿಸಿಬಿಡಿ. ಯುರೋಪಿನಲ್ಲಿ ಐಪಿಯೂ ವೈಯಕ್ತಿಕ ಮಾಹಿತಿ, ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಇಲ್ಲದ ದತ್ತಾಂಶಕ್ಕೆ ಕಾವಲು ಕಾಯಬೇಕಿಲ್ಲ. ಸಿಡಿಎನ್ ಇಲ್ಲದವರು, ಅಥವಾ ಎಲ್ಲವೂ ತಮ್ಮ ಸರ್ವರಿನಲ್ಲೇ ಇರಲಿ ಅನ್ನುವವರು ಫೈಲಿನ ದಾರಿ ಹಿಡಿಯಲಿ.

ಹೊರದೇಶಕ್ಕೂ ಮಾರುವ ಅಂಗಡಿಗೆ ನಾನು ಈಗ ಮಾಡಿಕೊಡುವುದು ಹೀಗೆ. ಹೆಡರ್ ನೋಡಿ ಊಹಿಸುತ್ತೇನೆ, ಊಹೆಯನ್ನು ಪುಟದ ತಲೆಯಲ್ಲೇ ತೋರಿಸುತ್ತೇನೆ: ‘ಕಳಿಸುವ ದೇಶ: ಒಮಾನ್. ಬದಲಿಸಿ’. ಪಟ್ಟಿಯಲ್ಲಿ ಭಾರತ ಯಾವಾಗಲೂ ಮೊದಲು, ಆಮೇಲೆ ಊಹಿಸಿದ ದೇಶ, ಆಮೇಲೆ ಉಳಿದವು. ಅವರೇ ಆರಿಸಿದ ಮೇಲೆ ಐಪಿ ಏನು ಹೇಳಿದರೂ ಆ ಆಯ್ಕೆಯನ್ನು ಮುಟ್ಟುವುದಿಲ್ಲ. ಪಾರ್ಸೆಲ್ ದರ ತಲುಪುವ ವಿಳಾಸದಿಂದ, ಹಣದ ರೂಪ ಅವರ ಇಷ್ಟದಿಂದ.

ಸೈಟು ಒಪ್ಪಿಸುವ ಮುಂಚೆ ವಿಪಿಎನ್‌ನಲ್ಲಿ ಎರಡು ದೇಶ ಹಾಕಿ ನೋಡಿ, ಆದರೆ ಅಷ್ಟಕ್ಕೆ ನಿಲ್ಲಿಸಬೇಡಿ. ಹೊರದೇಶದಲ್ಲಿರುವ ನೆಂಟರೊಬ್ಬರಿಗೆ ಲಿಂಕ್ ಕಳಿಸಿ, ಊರಿನ ವಿಳಾಸಕ್ಕೆ ಒಂದು ಆರ್ಡರ್ ಪೂರ್ತಿ ಮಾಡಿಸಿ, ಪ್ರತಿ ಪುಟದ ಪರದೆಯ ಚಿತ್ರ ತರಿಸಿಕೊಳ್ಳಿ. ಎಣ್ಣೆಯ ಸೈಟನ್ನು ಸರಿಪಡಿಸಿದ ಮೇಲೆ ನಾನು ಅದನ್ನೇ ಮಾಡಿದೆ. ಮಸ್ಕತ್‌ನ ಆ ಮಗನಿಗೇ ಫೋನ್ ಮಾಡಿ ಇನ್ನೊಮ್ಮೆ ಪ್ರಯತ್ನಿಸಿ ಅಂತ ಕೇಳಿಕೊಂಡೆ. ಎಣ್ಣೆ ಮೂರನೇ ದಿನ ತುರುವೇಕೆರೆಗೆ ಹೋಯಿತು, ಜೊತೆಗೆ ಎರಡು ಕೆಜಿ ಉಂಡೆ ಕೊಬ್ಬರಿಯೂ.